ಐದು ನಿಮಿಷದ ಹುಣ್ಣಿಮೆ

2023ರ ಕೊನೆಯ ತಿಂಗಳುಗಳಲ್ಲಿ ಒಂದು ಸಂಜೆ, ಧಾರವಾಡದ ಚಹಾದಂಗಡಿ. ಟಿವಿಯಲ್ಲಿ ಗಾಜಾ. ಕಪ್ಪು ಆಕಾಶದಲ್ಲಿ ಐದಾರು ಹಳದಿ ದೀಪಗಳು, ಮೇಲಕ್ಕೆ ಎಳೆದಂಥ ಹೊಗೆಯ ಗೆರೆ. ಇಳಿಯುತ್ತಿವೆಯೋ ನಿಂತಿವೆಯೋ ಗೊತ್ತಾಗದು. ನಿರೂಪಕ ‘ಬಾಂಬ್ ಮಳೆ’ ಎಂದು ಕೂಗುತ್ತಿದ್ದ. ಬಾಜೂ ಕುಂತಿದ್ದ ಕಾಕಾ ಒಬ್ಬರು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ ಕೇಳಿದರು: “ಬಾಂಬ್ ಆಗಿದ್ರ ಅವು ಯಾಕ ಕೆಳಗ ಬೀಳವಲ್ವು?”

ನಿರೂಪಕನಿಗೆ ಹೊಳೆಯದ ಪ್ರಶ್ನೆ ಅದು. ಅವು ಬಾಂಬ್ ಅಲ್ಲ, ದೀಪಗಳೇ. ಪ್ಯಾರಾಚೂಟಿಗೆ ಕಟ್ಟಿ ಬಿಟ್ಟ ಫ್ಲೇರುಗಳು. ವಿಮಾನದಿಂದ ಬಿಟ್ಟರೂ ತೋಪಿನಿಂದ ಹಾರಿಸಿದರೂ ಕೆಲಸ ಒಂದೇ, ನೆಲ ಕಾಣುವಂತೆ ಮಾಡುವುದು. ಏರ್ ಶೋಗಳಲ್ಲಿ ಫೈಟರ್ ವಿಮಾನಗಳು ಚೆಲ್ಲುವ ಕಿಡಿಗಳಿಗೂ ನಮ್ಮ ಪತ್ರಿಕೆಗಳು ಫ್ಲೇರ್ ಎಂದೇ ಬರೆಯುತ್ತವೆ. ಆದರೆ ಅವು ಕೆಲವೇ ಸೆಕೆಂಡು ಉರಿದು, ಶಾಖ ಹಿಡಿದು ಬರುವ ಕ್ಷಿಪಣಿಯ ದಿಕ್ಕು ತಪ್ಪಿಸುವಂಥವು. ಒಂದು ಬೆಳಕು ತೋರಿಸಲಿಕ್ಕೆ, ಇನ್ನೊಂದು ಮೋಸ ಮಾಡಲಿಕ್ಕೆ.

ಎಸ್ಸೆಸ್ಸೆಲ್ಸಿ ವಿಜ್ಞಾನದ ಮೊದಲ ಪಾಠ ನೆನಪಿರಬೇಕು: ಇಕ್ಕಳದಲ್ಲಿ ಮೆಗ್ನೀಸಿಯಂ ಪಟ್ಟಿ ಹಿಡಿದು ಉರಿಸುವುದು, ಕಣ್ಣು ಕುಕ್ಕುವ ಬಿಳಿ ಬೆಳಕು, ಆಮೇಲೆ ಬಿಳಿ ಬೂದಿ. ಫ್ಲೇರಿನ ಹೊಟ್ಟೆಯಲ್ಲಿರುವುದೂ ಅದೇ ಮೆಗ್ನೀಸಿಯಂ, ಪುಡಿಯ ರೂಪದಲ್ಲಿ. ಜೊತೆಗೆ ಸೋಡಿಯಂ ನೈಟ್ರೇಟ್, ಎರಡನ್ನೂ ಹಿಡಿದಿಡುವ ಅಂಟು. ನೈಟ್ರೇಟ್ ಉರಿಗೆ ಬೇಕಾದ ಆಮ್ಲಜನಕ ಕೊಡುತ್ತದೆ, ಅದರ ಸೋಡಿಯಂ ಹಳದಿ ಬಣ್ಣ ಕೊಡುತ್ತದೆ. ಗಾಳಿಯ ಹಂಗಿಲ್ಲದ ಬೆಂಕಿಯಾದ್ದರಿಂದ ಮುಚ್ಚಿದರೂ ಆರುವುದಿಲ್ಲ. ನೀರು ಹಾಕಿದರೆ ಕಾದ ಮೆಗ್ನೀಸಿಯಂ ನೀರಿನಿಂದಲೇ ಹೈಡ್ರೋಜನ್ ಬಿಡಿಸಿ ಉರಿ ಹೆಚ್ಚಿಸೀತು.

ಅಮೆರಿಕದ ಎಲ್‌ಯುಯು-2 ಎಂಬ ಫ್ಲೇರ್ ಸುಮಾರು 13 ಕಿಲೋ ತೂಕದ ಕೊಳವೆ. ಐದು ನಿಮಿಷ ಉರಿಯುತ್ತದೆ, ಬೆಳಕು ಸುಮಾರು 18 ಲಕ್ಷ ಕ್ಯಾಂಡೆಲಾ (ಒಂದು ಕ್ಯಾಂಡೆಲಾ ಅಂದರೆ ಹೆಚ್ಚುಕಡಿಮೆ ಒಂದು ಮೇಣದಬತ್ತಿಯ ಬೆಳಕು). ಲೆಕ್ಕ ಹಾಕಿ ನೋಡಿದೆ: ಇಂಥದ್ದೊಂದನ್ನು ಉಣಕಲ್ ಕೆರೆಯ ನಡುಮಧ್ಯ 300 ಮೀಟರ್ ಎತ್ತರದಲ್ಲಿ ತೇಲಿಬಿಟ್ಟರೆ, ಅರ್ಧ ಕಿಲೋಮೀಟರ್ ದೂರದ ದಂಡೆಯ ಮೇಲೆ ನಿಂತವರಿಗೂ ಶೀಗಿ ಹುಣ್ಣಿಮೆಯ ಹತ್ತು ಪಟ್ಟು ಬೆಳಕು ಸಿಗುತ್ತದೆ.

ಇನ್ನು ಕಾಕಾನ ಪ್ರಶ್ನೆ. ಬೀಳುತ್ತದೆ, ಆದರೆ ಸೆಕೆಂಡಿಗೆ ಎರಡೂವರೆ ಮೀಟರಿನಷ್ಟು ಸಾವಕಾಶ. ಕೆಳಗಿನ ಉರಿಯ ಬಿಸಿಗಾಳಿ ಛತ್ರಿಯೊಳಗೆ ತುಂಬಿ ಮೇಲಕ್ಕೆ ಎತ್ತುತ್ತದೆ, ಕಾಗದದ ಹಾರುವ ದೀಪದ ಹಾಗೆ. ಮೇಲಾಗಿ ಉರಿದಷ್ಟೂ ಫ್ಲೇರ್ ಹಗುರ. ದೂರದಿಂದ ನೋಡುವವರಿಗೆ ನಿಂತೇಬಿಟ್ಟಂತೆ ಕಾಣುವುದು ಅದಕ್ಕೇ.

ಇಷ್ಟೆಲ್ಲ ಕಸರತ್ತು ಯಾಕೆ ಬೇಕಾಯಿತು? ವಿಮಾನಕ್ಕೆ ರಾತ್ರಿ ಹಾರಲು ಬಂದ ಎಷ್ಟೋ ವರ್ಷದ ಮೇಲೂ ರಾತ್ರಿ ಕಾಣಲು ಬರಲಿಲ್ಲ, ಅಷ್ಟೇ. ಮೊದಲ ಮಹಾಯುದ್ಧದಲ್ಲೇ ಪ್ಯಾರಾಚೂಟ್ ಫ್ಲೇರುಗಳಿದ್ದವು, ಆದರೆ ಸಮಸ್ಯೆಯ ಆಳ ಅಂಕಿಗಳಲ್ಲಿ ಬಯಲಾದದ್ದು ಎರಡನೆಯದರಲ್ಲಿ. 1941ರ ಆಗಸ್ಟಿನಲ್ಲಿ ಬ್ರಿಟನ್ನಿನ ಬಟ್ ವರದಿ ತನ್ನದೇ ಬಾಂಬರುಗಳು ತೆಗೆದ ಫೋಟೋ ಪರೀಕ್ಷಿಸಿತು. ಗುರಿಗೆ ಹಾಕಿದೆವು ಎಂದವರಲ್ಲಿ ಮೂರಕ್ಕೊಂದು ವಿಮಾನ ಮಾತ್ರ ಗುರಿಯ ಐದು ಮೈಲಿಯೊಳಗೆ ಬಂದಿತ್ತು. ಐದು ಮೈಲಿ ಅಂದರೆ ಎಂಟು ಕಿಲೋಮೀಟರ್. ಹುಬ್ಬಳ್ಳಿ ಸ್ಟೇಷನ್ ಗುರಿಯಾಗಿ ಬಾಂಬ್ ಭೈರಿದೇವರಕೊಪ್ಪದಲ್ಲಿ ಬಿದ್ದರೂ ಅದು ‘ಮುಟ್ಟಿದ’ ಲೆಕ್ಕ! ಹುಣ್ಣಿಮೆಯಲ್ಲಿ ಐದಕ್ಕೆ ಎರಡು, ಅಮಾವಾಸ್ಯೆಯ ಕತ್ತಲಲ್ಲಿ ಹದಿನೈದಕ್ಕೆ ಒಂದು. ಚಂದ್ರನಿಗೆ ಕಾಯಬೇಕು, ಇಲ್ಲವೇ ಚಂದ್ರನನ್ನು ಹೊತ್ತೊಯ್ಯಬೇಕು.

ಕೆಲವರು ಆಗಲೇ ಹೊತ್ತೊಯ್ದಿದ್ದರು. 1940ರ ನವೆಂಬರ್ 11ರ ರಾತ್ರಿ ಇಟಲಿಯ ಟಾರಂಟೊ ಬಂದರಿನ ಮೇಲೆ ಬ್ರಿಟಿಷರ 21 ಸ್ವೋರ್ಡ್‌ಫಿಶ್ ವಿಮಾನಗಳು ದಾಳಿ ಮಾಡಿದಾಗ, ಕೆಲವಕ್ಕೆ ಫ್ಲೇರ್ ಸಾಲು ತೂಗುಬಿಡುವ ಕೆಲಸವಿತ್ತು. ಆ ಬೆಳಕಿಗೆ ಎದುರಾಗಿ ಕಪ್ಪಗೆ ಕಂಡ ಯುದ್ಧನೌಕೆಗಳತ್ತ ಉಳಿದವರು ಟಾರ್ಪಿಡೊ ಬಿಟ್ಟರು. 1942ರ ಆಗಸ್ಟಿನಲ್ಲಿ ಪೆಸಿಫಿಕ್ ಸಾಗರದ ಸಾವೊ ದ್ವೀಪದ ಬಳಿ ಜಪಾನೀಯರು ಅದೇ ಉಪಾಯ ಮಾಡಿ ಅಮೆರಿಕ, ಆಸ್ಟ್ರೇಲಿಯಾದ ಕ್ರೂಸರುಗಳನ್ನು ಮುಳುಗಿಸಿದರು. ಅದೇ ತಿಂಗಳು ಬ್ರಿಟನ್ ಡಾನ್ ಬೆನೆಟ್ ಕೈಕೆಳಗೆ ಪಾಥ್‌ಫೈಂಡರ್ ಪಡೆ ಕಟ್ಟಿತು. ಮುಂದೆ ಹೋದವರು ಬಿಳಿ ಫ್ಲೇರ್ ಬಿಟ್ಟು ನೆಲ ನೋಡಬೇಕು, ಹಿಂದಿನವರು ಗುರಿಯ ಮೇಲೆ ಬಣ್ಣದ ಗುರುತಿನ ಬೆಂಕಿ ಹಾಕಬೇಕು, ಆಮೇಲೆ ಬಾಂಬರುಗಳ ದಂಡು. ನೆಲಮಾಳಿಗೆಗೆ ಓಡುತ್ತಿದ್ದ ಜರ್ಮನ್ ಜನ ಆ ಇಳಿಯುವ ಬೆಂಕಿಗೊಂಚಲಿಗೆ ಇಟ್ಟ ಹೆಸರು ‘ಕ್ರಿಸ್‌ಮಸ್ ಮರ’. ಹಬ್ಬದ ಹೆಸರನ್ನು ಸಾವಿಗೆ ಇಡಬೇಕಾದರೆ ಮನಸ್ಸು ಎಷ್ಟು ಕಲ್ಲಾಗಿರಬೇಕು.

ಆದರೆ ಬೆಳಕಿಗೆ ಪಕ್ಷವಿಲ್ಲ. ಫ್ಲೇರಿನ ಪ್ರಖರತೆ ಮೇಲಿದ್ದ ಬ್ರಿಟಿಷರ ಕಣ್ಣಿಗೇ ಚುಚ್ಚಿತು, ಹಾಗಾಗಿ ಅದರ ತಲೆಗೊಂದು ಮರೆ ಕಟ್ಟಿದರು. ಜರ್ಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಾಂಬರುಗಳ ಸಾಲಿನ ಮೇಲೆಯೇ ತಮ್ಮ ಫ್ಲೇರ್ ಸುರಿದರು. ಕತ್ತಲನ್ನೇ ನಂಬಿ ಬಂದವರು ತೇರು ಬೀದಿಯಲ್ಲಿ ನಿಂತಂತಾಯಿತು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಫ್ಲೇರ್ ಬಿಡುವುದು ದಿನನಿತ್ಯದ ಕೂಲಿಕೆಲಸ. ಹಳೆಯ ಡಕೋಟಾಗೆ ಗನ್ ಕೂರಿಸಿದ ಎಸಿ-47 ವಿಮಾನಗಳು ಮುತ್ತಿಗೆಗೆ ಸಿಕ್ಕ ಠಾಣೆಗಳ ಮೇಲೆ ಸುತ್ತುತ್ತಿದ್ದವು. ಬಾಗಿಲಲ್ಲಿ ನಿಂತ ಸಿಬ್ಬಂದಿ ಒಂದೊಂದೇ ಫ್ಲೇರ್ ಕೈಯಿಂದ ಹೊರಗೆ ನೂಕುತ್ತಿದ್ದರು. 1969ರ ಫೆಬ್ರವರಿ 24ರಂದು ಲಾಂಗ್ ಬಿನ್ ಮೇಲೆ ಹಾರುತ್ತಿದ್ದ ಇಂಥ ವಿಮಾನದ ರೆಕ್ಕೆಗೆ ಮಾರ್ಟರ್ ಗುಂಡು ಬಡಿಯಿತು. ಸಿಡಿದ ಹೊಡೆತಕ್ಕೆ, ಪಿನ್ ಎಳೆದಿದ್ದ ಫ್ಲೇರ್ ಒಳಗೇ ಉರುಳಿತು. ಸುತ್ತ ಗುಂಡಿನ ಪೆಟ್ಟಿಗೆಗಳು. 23 ವರ್ಷದ ಜಾನ್ ಲೆವಿಟೋ ಮೈಗೆ ನಲವತ್ತು ಚೂರು ಹೊಕ್ಕಿದ್ದವು. ಓಲಾಡುವ ವಿಮಾನದಲ್ಲಿ ಫ್ಲೇರ್ ಮೇಲೆ ಬಿದ್ದು, ತಬ್ಬಿಕೊಂಡು ತೆವಳಿ, ಬಾಗಿಲಾಚೆ ತಳ್ಳಿದ. ಹೊರಗೆ ಬಿದ್ದದ್ದೇ ತಡ ಹೊತ್ತಿಕೊಂಡಿತು. ಎಂಟೂ ಜನ ಬದುಕಿದರು, ಅವನಿಗೆ ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್ ಬಂತು. ಅದಕ್ಕೂ ಮೊದಲು, 1966ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ಹಡಗಿನ ಮಂದಿಗೆ ಆ ಅದೃಷ್ಟ ಇರಲಿಲ್ಲ. ಕೈಯಲ್ಲಿ ಹೊತ್ತಿಕೊಂಡ ಫ್ಲೇರನ್ನು ಗಾಬರಿಯಲ್ಲಿ ಫ್ಲೇರ್ ಕೋಣೆಗೇ ಎಸೆದರು. 44 ಜನ ಸತ್ತರು.

ನಮ್ಮ ಕಡೆ ಕತ್ತಲು ಎಷ್ಟು ದೊಡ್ಡ ಗೋಡೆಯಾಗಿತ್ತು ಎನ್ನಲು 1971ರ ಪಾಕಿಸ್ತಾನ ಯುದ್ಧದಲ್ಲಿ ರಾಜಸ್ಥಾನ ಗಡಿಯ ಲೋಂಗೆವಾಲಾ ಠಾಣೆಯ ಕಥೆ ಸಾಕು. ಜೈಸಲ್ಮೇರಿನಲ್ಲಿದ್ದ ಹಂಟರ್ ವಿಮಾನಗಳಿಗೆ ರಾತ್ರಿ ದಾಳಿಯ ಸಲಕರಣೆ ಇರಲಿಲ್ಲ. ಠಾಣೆ ಬೆಳಗಾಗುವವರೆಗೆ ಎದುರಾಳಿ ಟ್ಯಾಂಕುಗಳನ್ನು ತಡೆದು ನಿಲ್ಲಬೇಕಾಯಿತು.

ಈಗಿನ ಪೈಲಟ್ ಕತ್ತಲಿಗೆ ದೀಪ ಹಚ್ಚುವುದಿಲ್ಲ, ಕತ್ತಲಲ್ಲೇ ನೋಡುತ್ತಾನೆ. ಎಲ್‌ಯುಯು-19 ಎಂಬ ಫ್ಲೇರ್ ಬರಿಗಣ್ಣಿಗೆ ಹೆಚ್ಚು ಕಾಣದ ಅವಕೆಂಪು ಬೆಳಕು ಚೆಲ್ಲುತ್ತದೆ, ಅದು ಕಾಣುವುದು ರಾತ್ರಿ-ಕನ್ನಡಕ ಹಾಕಿದವರಿಗೆ. ಹಾಗಂತ ಹಳೆಯದು ಮೂಲೆ ಸೇರಿಲ್ಲ. ಪಂಜಾಬ್, ಜಮ್ಮು ಗಡಿಯಲ್ಲಿ ಡ್ರೋನ್ ಸದ್ದು ಕೇಳಿದರೆ ಬಿಎಸ್ಎಫ್ ಇವತ್ತಿಗೂ ಬೆಳಕಿನ ಗುಂಡು ಹಾರಿಸುತ್ತದೆ. ತಮ್ಮನ್ನು ನೋಡುತ್ತಿದ್ದಾರೆ ಎಂದು ಕೆಳಗಿನವರಿಗೆ ಗೊತ್ತಾಗಬೇಕು ಎಂದಾಗ ಕಾಣದ ಬೆಳಕು ಉಪಯೋಗಕ್ಕೆ ಬರದು.

ಇಷ್ಟನ್ನೂ ಕೇಳಿಸಿಕೊಂಡ ಕಾಕಾ ಬಸಿ ಕೆಳಗಿಟ್ಟು, “ದೀಪ ಆರಿದ ಮ್ಯಾಲೆ ಛತ್ರಿ ಏನ್ ಆಗ್ತೈತಿ?” ಅಂದರು. ಎಲ್‌ಯುಯು-2ರಲ್ಲಿ ಅದಕ್ಕೂ ವ್ಯವಸ್ಥೆ ಇದೆ. ಉರಿ ಮುಗಿಯುವ ಹೊತ್ತಿಗೆ ಸಣ್ಣ ಸಿಡಿಮದ್ದಿನ ಬೋಲ್ಟ್ ಒಂದು ಹಗ್ಗ ಕಳಚುತ್ತದೆ, ಛತ್ರಿ ಮುದುಡುತ್ತದೆ. ಕತ್ತಲಲ್ಲಿ ತೇಲುತ್ತ ಉಳಿದರೆ ಹಿಂದೆ ಬರುವ ವಿಮಾನಕ್ಕೆ ಸುತ್ತಿಕೊಂಡೀತು ಎಂಬ ಮುಂಜಾಗ್ರತೆ. ಆಮೇಲೆ ಬಟ್ಟೆ, ಹಗ್ಗ, ಉಳಿದ ಲೋಹ ಎಲ್ಲ ಒಟ್ಟಿಗೆ ಸರ್ರನೆ ಬೀಳುತ್ತವೆ, ಕೆಳಗೆ ಯಾರ ಹೊಲವಿದೆಯೋ ಅಲ್ಲಿಗೆ.