ಕೈರೊನೊಮಿಡ್ ಫ್ಲೈ: ಆಳ ಹೊಂದಿಸುವ ಲೆಕ್ಕ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಕ್ಯಾಮ್ಲೂಪ್ಸ್ ಸುತ್ತಮುತ್ತಲಿನ ಸಣ್ಣ ಸರೋವರಗಳಲ್ಲಿ ರೇನ್‌ಬೋ ಟ್ರೌಟ್ ಮೀನು ಹಿಡಿಯಲು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಫ್ಲೈ (ಹುಳುವಿನ ಥರ ಕಾಣುವಂತೆ ಕಟ್ಟಿದ ಕೊಕ್ಕೆ) ಬೀಸಲು ಬರುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಹುಳು

ಕೈರೊನೊಮಿಡ್ ನೋಡಲು ಸೊಳ್ಳೆ ಥರ, ಆದರೆ ಕಚ್ಚುವುದಿಲ್ಲ. ಅದರ ಲಾರ್ವಾ ತಳದ ಕೆಸರಲ್ಲಿರುತ್ತದೆ. ಕೆಲವು ಜಾತಿಗಳಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಮೈ ಕೆಂಪು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಬ್ಲಡ್‌ವರ್ಮ್ ಇದೇ. ಪ್ಯೂಪಾ ಆದ ಮೇಲೆ ಚರ್ಮದೊಳಗೆ ಗಾಳಿ ಸೇರಿ ಮೈ ಬೆಳ್ಳಗೆ ಹೊಳೆಯುತ್ತದೆ. ತಲೆಯ ಹತ್ತಿರ ಬಿಳಿ ಕಿವಿರಿನ ಕುಚ್ಚು. ಫ್ಲೈಯಲ್ಲೂ ಅದನ್ನೇ ತೋರಿಸಬೇಕು: 12ರಿಂದ 16ನೇ ನಂಬರಿನ ಕೊಕ್ಕೆ, ಕಪ್ಪು ಅಥವಾ ಬೆಳ್ಳಿ ಬಣ್ಣದ ಮೈ, ಸುತ್ತಲೂ ಸಣ್ಣ ಕೆಂಪು ತಂತಿ, ತಲೆಗೆ ಬಿಳಿ ಮಣಿ. ಬೆಳ್ಳಿ ಮೈಯದ್ದಕ್ಕೆ ಇಲ್ಲಿ ಕ್ರೋಮಿ ಅನ್ನುತ್ತಾರೆ.

ಆಳದ ಲೆಕ್ಕ

ಪ್ಯೂಪಾಗಳು ಮೇಲೇರುವ ಮುಂಚೆ ತಳದ ಹತ್ತಿರವೇ ಗುಂಪುಗುಂಪಾಗಿ ಇರುತ್ತವೆ. ಟ್ರೌಟ್ ಅಲ್ಲೇ ಓಡಾಡಿಕೊಂಡು ತಿನ್ನುತ್ತದೆ. ಆದ್ದರಿಂದ ಫ್ಲೈ ತಳದಿಂದ ಒಂದು, ಒಂದೂವರೆ ಅಡಿ ಮೇಲೆ ತೂಗಬೇಕು. ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ, ಆಳ ತಪ್ಪಿದರೆ ಕಷ್ಟ.

ಅಳೆಯುವುದು ಹೀಗೆ. ಫ್ಲೈಗೆ ಫೋರ್ಸೆಪ್ಸ್ (ಸಣ್ಣ ಇಕ್ಕಳ) ಕಚ್ಚಿಸಿ, ದೋಣಿಯ ಪಕ್ಕದಲ್ಲಿ ನೆಟ್ಟಗೆ ಇಳಿಸಿ. ದಾರ ಸಡಿಲವಾದರೆ ತಳ ಮುಟ್ಟಿದೆ ಅಂತ. ಬಿಗಿಯಾಗುವಷ್ಟು ಮಾತ್ರ ಎಳೆದು, ನೀರಿನ ಮಟ್ಟಕ್ಕೆ ಸರಿಯಾಗಿ ದಾರಕ್ಕೆ ಇಂಡಿಕೇಟರ್ (ನೀರಿನ ಮೇಲೆ ತೇಲುವ ಸಣ್ಣ ಬುರುಡೆ) ಹಾಕಿ.

ಈಗ ಇಂಡಿಕೇಟರ್ ಯಾವ ಕಡೆಗೆ ಸರಿಸಬೇಕು? ಫ್ಲೈ ಮೇಲೆ ಬರಬೇಕಲ್ವಾ, ಇಂಡಿಕೇಟರನ್ನೂ ಮೇಲಕ್ಕೆ ತಳ್ಳಬೇಕು ಅಂತ ಕೈ ತಾನಾಗೇ ಹೋಗುತ್ತದೆ. ಅದು ಉಲ್ಟಾ. ಇಂಡಿಕೇಟರ್ ಯಾವಾಗಲೂ ನೀರಿನ ಮೇಲೆಯೇ ಇರುತ್ತದೆ, ಅದರ ಜಾಗ ಬದಲಾಗುವುದಿಲ್ಲ. ಬದಲಾಗುವುದು ಅದರ ಕೆಳಗಿನ ದಾರದ ಉದ್ದ ಮಾತ್ರ. ಇಂಡಿಕೇಟರನ್ನು ಫ್ಲೈ ಕಡೆಗೆ ಸರಿಸಿದರೆ ದಾರ ಗಿಡ್ಡವಾಗುತ್ತದೆ, ಫ್ಲೈ ಮೇಲೇರುತ್ತದೆ. ರಾಡ್ ಕಡೆಗೆ ಸರಿಸಿದರೆ ಫ್ಲೈ ಇಳಿಯುತ್ತದೆ.

ನೀರು 16 ಅಡಿ ಇದೆ ಅನ್ನಿ. ಫೋರ್ಸೆಪ್ಸ್ ಅರ್ಧ ಅಡಿ ಉದ್ದ, ಅದು ಫ್ಲೈಯ ಕೆಳಗೆ ನೇತಾಡುತ್ತದೆ. ಅಂದರೆ ಫೋರ್ಸೆಪ್ಸ್ ತಳ ಮುಟ್ಟಿದಾಗಲೇ ಫ್ಲೈ ಅರ್ಧ ಅಡಿ ಮೇಲಿದೆ, ದಾರ 15.5 ಅಡಿ. ಇಂಡಿಕೇಟರನ್ನು ಫ್ಲೈ ಕಡೆಗೆ ಒಂದೇ ಅಡಿ ಸರಿಸಿ. ದಾರ 14.5 ಆಯಿತು, ಫ್ಲೈ ತಳದಿಂದ ಒಂದೂವರೆ ಅಡಿ ಮೇಲೆ. ಫೋರ್ಸೆಪ್ಸ್ ಬಿಚ್ಚುವುದನ್ನು ಮರೆಯಬೇಡಿ.

ಈ ಲೆಕ್ಕ ದೋಣಿ ಪಕ್ಕದ ಜಾಗಕ್ಕೆ ಮಾತ್ರ. ತಳ ಇಳಿಜಾರಾಗಿದ್ದರೆ, ದಡದ ಕಡೆಗೆ ಬೀಸಿದ ಫ್ಲೈ ಕೆಸರಲ್ಲಿ ಮಲಗುತ್ತದೆ. ಆಳದ ಕಡೆಗೆ ಬೀಸಿದರೆ ತಳಕ್ಕಿಂತ ತುಂಬಾ ಮೇಲೆ ನಿಲ್ಲುತ್ತದೆ. ಒಂದೇ ಆಳ ಇರುವ ಗೆರೆಯ ಉದ್ದಕ್ಕೂ ಬೀಸಿ. ದೋಣಿಗೆ ಮುಂದೊಂದು, ಹಿಂದೊಂದು ಲಂಗರು ಬೇಕು. ಒಂದೇ ಇದ್ದರೆ ಗಾಳಿಗೆ ದೋಣಿ ತೂಗಾಡಿ, ಲೈನ್ ಎಳೆದು, ಫ್ಲೈ ಓರೆಯಾಗಿ ಮೇಲೇಳುತ್ತದೆ. ಆಗ ಅಳೆದದ್ದೆಲ್ಲ ವ್ಯರ್ಥ.

ಉಳಿದದ್ದು

ಇಂಡಿಕೇಟರ್, ಮೀನು ಸಿಕ್ಕಾಗ ದಾರದ ಮೇಲೆ ಸ್ಲಿಪ್ ಆಗುವಂಥದ್ದೇ ಇರಲಿ. 10 ಅಡಿ ರಾಡ್‌ಗೆ 14.5 ಅಡಿ ದಾರ. ಇಂಡಿಕೇಟರ್ ಜಾರದಿದ್ದರೆ ರಾಡ್ ತುದಿಗೆ ಸಿಕ್ಕಿಕೊಂಡು ಮೀನು ಬಲೆಗೆ ಎಟುಕುವುದಿಲ್ಲ. ಫ್ಲೂರೋಕಾರ್ಬನ್ ದಾರ ಬೇಗ ಮುಳುಗುತ್ತದೆ. ಬೀಸಿದ ಮೇಲೆ ಸುಮ್ನೆ ಬಿಡಿ. ಸಣ್ಣ ಅಲೆ ಇದ್ದರೆ ಫ್ಲೈ ಆಡಿಸುವ ಕೆಲಸ ಅದೇ ಮಾಡುತ್ತದೆ.

ನೀರಿನ ಮೇಲೆ ಪ್ಯೂಪಾ ಬಿಟ್ಟ ಖಾಲಿ ಚರ್ಮಗಳು ಜಾಸ್ತಿ ಕಂಡರೆ ಹುಳು ಮೇಲೇಳುತ್ತಿದೆ ಅಂತ ಅರ್ಥ. ಕೊಕ್ಕೆಯ ಅಳತೆಯನ್ನೂ ಆ ಚರ್ಮ ನೋಡಿ ತೀರ್ಮಾನಿಸಬಹುದು. ತಳದಲ್ಲಿ ಮೀನು ಕಚ್ಚದಿದ್ದರೆ ಇಂಡಿಕೇಟರನ್ನು ಎರಡೆರಡು ಅಡಿ ಫ್ಲೈ ಕಡೆಗೆ ಸರಿಸುತ್ತಾ ಹೋಗಿ.

ಜೂನ್ ಹೊತ್ತಿಗೆ ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ಥರದ ಹುಳು) ಮರಿಗಳು ಜೊಂಡಿನ ಕಡೆಗೆ ಈಜತೊಡಗುತ್ತವೆ. ಅವು ಹೋಗುವುದು ಮೇಲ್ಮೈಗೆ ಹತ್ತಿರದಲ್ಲಿ, ಅಡ್ಡಡ್ಡಲಾಗಿ. ಆಗ ಇಂಡಿಕೇಟರ್ ತೆಗೆದಿಟ್ಟು, ತೆಳು ಹಸಿರು ಫ್ಲೈ ಕಟ್ಟಿ, ದಡದ ಕಡೆಗೆ ನಿಧಾನವಾಗಿ ಎಳೆಯಿರಿ.