ಯಾರೂ ಕೊಳ್ಳದ ಜಮೀನು

ಅಮೆರಿಕದ ಹಳೆಯ ಕೈಗಾರಿಕಾ ನಗರಗಳಲ್ಲಿ ಊರ ನಡುವೆಯೇ ಬೇಲಿ ಹಾಕಿ ಬಿಟ್ಟ ಜಾಗಗಳಿವೆ. ರಸ್ತೆ, ನೀರು, ವಿದ್ಯುತ್ತು ಎಲ್ಲವೂ ಇದ್ದರೂ ಕೊಳ್ಳುವವರಿಲ್ಲ. ಇವಕ್ಕೆ ಅಲ್ಲಿ ‘ಬ್ರೌನ್‌ಫೀಲ್ಡ್’ ಎನ್ನುತ್ತಾರೆ. ಮಣ್ಣು ಕೆಟ್ಟಿದೆ ಎಂದು ಸಾಬೀತಾಗಲೇಬೇಕಿಲ್ಲ, ಕೆಟ್ಟಿರಬಹುದು ಎಂಬ ಅನುಮಾನವಿದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಬ್ರೌನ್‌ಫೀಲ್ಡೇ. ಅಂಥವು 4,50,000ಕ್ಕೂ ಹೆಚ್ಚಿವೆ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಅಂದಾಜು.

ಈ ಅನುಮಾನಕ್ಕೆ ಇಷ್ಟು ಬಲ ಬಂದದ್ದು ಒಂದು ಒಳ್ಳೆಯ ಕಾಯ್ದೆಯಿಂದ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿದ್ದ ಜಾಗದಲ್ಲಿ ಶಾಲೆ, ಅದರ ಅಂಚಿನಲ್ಲಿ ಮನೆಗಳು ಎದ್ದಿದ್ದವು. 1978ರಲ್ಲಿ ಅಲ್ಲಿ ತುರ್ತುಸ್ಥಿತಿ ಘೋಷಿಸಬೇಕಾಯಿತು. ಅದರ ಬೆನ್ನಿಗೇ 1980ರಲ್ಲಿ ಸೂಪರ್‌ಫಂಡ್ ಕಾಯ್ದೆ ಬಂತು. ಅದರ ಪ್ರಕಾರ ವಿಷ ಸುರಿದವನಷ್ಟೇ ಅಲ್ಲ, ಇಂದಿನ ಮಾಲೀಕನೂ ಹೊಣೆಗಾರ; ಶುದ್ಧೀಕರಣದ ಇಡೀ ಖರ್ಚನ್ನು ಒಬ್ಬನಿಂದಲೇ ವಸೂಲು ಮಾಡಲೂ ಅವಕಾಶವಿತ್ತು. ಬ್ಯಾಂಕುಗಳು ಹಿಂದೆ ಸರಿದವು, ಬಿಲ್ಡರುಗಳು ಊರ ಹೊರಗಿನ ಹೊಲಗಳತ್ತ ಹೊರಟರು.

ಸರ್ಕಾರ ಪಾಲುದಾರನಾಗಿ ಇಳಿದದ್ದು ಇಲ್ಲಿ. 1993ರಲ್ಲಿ ಓಹಾಯೊದ ಕಯಹೋಗ ಕೌಂಟಿಯಲ್ಲಿ ಸರ್ಕಾರದ ನೆರವಿನ ಮೊದಲ ಪ್ರಯೋಗ, 2002ರಲ್ಲಿ ಬ್ರೌನ್‌ಫೀಲ್ಡ್‌ಗಳಿಗೇ ಪ್ರತ್ಯೇಕ ಕಾಯ್ದೆ. ಸರ್ಕಾರದ ದುಡ್ಡು ಅತಿ ಹೆಚ್ಚು ಕೆಲಸ ಮಾಡುವುದು ಮಣ್ಣು ಅಗೆಯುವಾಗಲ್ಲ, ಮಣ್ಣಿನಲ್ಲಿ ಏನಿದೆ ಎಂದು ತಿಳಿಯುವಾಗ. ಎಷ್ಟು ಖರ್ಚಾದೀತು ಎಂದು ಗೊತ್ತಾದರೆ ಅದನ್ನು ಜಮೀನಿನ ಬೆಲೆಯಲ್ಲಿ ಕಳೆದು ವ್ಯವಹಾರ ಮಾಡಬಹುದು. ಗೊತ್ತಿಲ್ಲದ ಖರ್ಚನ್ನು ಕಳೆಯುವುದು ಹೇಗೆ?

ತಪಾಸಣೆಯ ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣನ್ನೂ ಮುಟ್ಟುವುದಿಲ್ಲ. ಹಳೆಯ ವೈಮಾನಿಕ ಚಿತ್ರ, ಸರ್ಕಾರಿ ದಾಖಲೆ, ಬೆಂಕಿ ವಿಮೆಗಾಗಿ ಸ್ಯಾನ್‌ಬಾರ್ನ್ ಕಂಪನಿ ಬರೆಸಿದ್ದ ನಕ್ಷೆಗಳು, ಹಳೆಯ ಕೆಲಸಗಾರರ ಜತೆ ಮಾತುಕತೆ, ಸ್ಥಳ ಪರಿಶೀಲನೆ. ವಿಮೆಯವರಿಗೆ ಬೇಕಿದ್ದದ್ದು ಬೆಂಕಿಯ ಅಪಾಯ. ಹಾಗಾಗಿ ಪೆಟ್ರೋಲ್ ಟ್ಯಾಂಕ್ ಎಲ್ಲಿತ್ತು, ಬಾಯ್ಲರ್ ಎಲ್ಲಿತ್ತು ಎಂಬುದು ನಕ್ಷೆಯಲ್ಲಿ ಉಳಿದುಕೊಂಡಿದೆ. ಈ ತಪಾಸಣೆಯನ್ನು ಖರೀದಿಗೆ ಮೊದಲೇ ಮಾಡಿಸಿದವನಿಗೆ ಹಳೆಯ ಮಾಲಿನ್ಯದ ಹೊಣೆಯಿಂದ ರಕ್ಷಣೆ ಸಿಗುತ್ತದೆ. ಆದರೆ ಸಂದರ್ಶನ, ದಾಖಲೆ, ಸ್ಥಳ ಪರಿಶೀಲನೆಯಂಥ ಭಾಗಗಳು ಖರೀದಿಯ ಹಿಂದಿನ 180 ದಿನಗಳೊಳಗೆ ಆಗಿರಬೇಕು. ನೋಂದಣಿ ಮುಂದಕ್ಕೆ ಹೋಗಿ, ವರದಿ ಹಳತಾದದ್ದು ಯಾರ ಗಮನಕ್ಕೂ ಬಾರದಿದ್ದರೆ ರಕ್ಷಣೆಯೂ ಹೋದಂತೆ.

ಅನುಮಾನ ಗಟ್ಟಿಯಾದರೆ ಎರಡನೆಯ ಹಂತ: ರಂಧ್ರ ಕೊರೆದು ಮಣ್ಣು, ನೀರು, ಮಣ್ಣಿನೊಳಗಿನ ಗಾಳಿಯ ಮಾದರಿ ತೆಗೆಯುವುದು. ನೀರಿನ ಬಾಟಲಿಯಲ್ಲಿ ಗಾಳಿಯ ಗುಳ್ಳೆ ಉಳಿದರೂ ಆವಿಯಾಗುವ ದ್ರಾವಕ ಅದರೊಳಕ್ಕೆ ಸರಿದು, ನೀರು ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಎಲ್ಲಿ ಕೊರೆಯಬೇಕೆಂಬುದಕ್ಕೂ ರಾಸಾಯನಿಕದ ಗುಣ ತಿಳಿದಿರಬೇಕು. ಪೆಟ್ರೋಲು ಅಂತರ್ಜಲದ ಮೇಲೆ ತೇಲುತ್ತದೆ. ಡ್ರೈಕ್ಲೀನಿಂಗ್‌ನಲ್ಲಿ ಬಳಸುವ ಪರ್ಕ್ಲೋರೋಎಥಿಲೀನ್ ಎಂಬ ದ್ರಾವಕ ನೀರಿನ 1.6 ಪಟ್ಟು ಭಾರ. ಅದು ನೀರನ್ನು ಸೀಳಿಕೊಂಡು ಇಳಿದು ಜೇಡಿಪದರದ ಮೇಲೆ ಕೂರುತ್ತದೆ. ನೀರಿನ ಮಟ್ಟದಲ್ಲೇ ಕೊರೆಯುವುದನ್ನು ನಿಲ್ಲಿಸಿದವನಿಗೆ ಅದು ಸಿಗುವುದೇ ಇಲ್ಲ. ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ, ನಿಜ. ಆದರೆ ಕೆಲಸ ಅರ್ಧಕ್ಕೆ ನಿಂತರೆ ಉಳಿಯುವುದು ಕ್ಯಾನ್ಸರ್ ತರುವ ವಿನೈಲ್ ಕ್ಲೋರೈಡ್.

ಎಷ್ಟು ಶುದ್ಧವಾಗಬೇಕು ಎಂಬುದು ಅಲ್ಲಿ ಏನು ಬರಲಿದೆ ಎಂಬುದನ್ನು ಅವಲಂಬಿಸಿದೆ. ಮಕ್ಕಳು ಮಣ್ಣಲ್ಲಾಡುವ ಮನೆಯಂಗಳಕ್ಕೆ ಇರುವ ಮಿತಿ ಗೋದಾಮಿಗೆ ಬೇಕಿಲ್ಲ. ಅಂಗಳದ ಸೀಸಕ್ಕೆ 1994ರಿಂದ ಇಪಿಎ ಇಟ್ಟುಕೊಂಡಿದ್ದ ತಪಾಸಣಾ ಮಟ್ಟ ಹತ್ತು ಲಕ್ಷಕ್ಕೆ 400 ಭಾಗ. 2024ರಲ್ಲಿ ಅದು 200ಕ್ಕೆ ಇಳಿಯಿತು. ಆದ್ದರಿಂದ ಕಟ್ಟಡದ ನಕ್ಷೆ ಬರೆಯುವವರೂ ಮಣ್ಣು ಶುದ್ಧ ಮಾಡುವವರೂ ಮೊದಲಿನಿಂದಲೇ ಒಟ್ಟಿಗೆ ಕೂರಬೇಕು. ಪಾರ್ಕಿಂಗಿನ ಕಾಂಕ್ರೀಟೇ ಕಲುಷಿತ ಮಣ್ಣಿಗೆ ಮುಚ್ಚಳವಾಗಬಹುದು. ನೆಲಹಾಸಿನಡಿ ಜಲ್ಲಿ, ತೂತುಕೊಳವೆ, ಆವಿ ತಡೆಯುವ ಹಾಳೆ ಹಾಕಿ ಫ್ಯಾನಿನಿಂದ ಎಳೆದರೆ ವಿಷದ ಆವಿ ಮನೆಯೊಳಗೆ ಬರದೆ ಛಾವಣಿಯ ಮೇಲೆ ಹೋಗುತ್ತದೆ. ಕಟ್ಟುವಾಗ ಇದು ಸಣ್ಣ ಕೆಲಸ, ಕಟ್ಟಿದ ಮೇಲೆ ನೆಲ ಒಡೆಯುವ ಕೆಲಸ.

ಪಾಲುದಾರಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಟ್ಲಾಂಟಾದ 138 ಎಕರೆಯ ಹಳೆಯ ಉಕ್ಕಿನ ಕಾರ್ಖಾನೆ ಸಾಕ್ಷಿ. 1998ರಲ್ಲಿ ನಗರದ ಗಾಳಿಯೇ ಮಾನದಂಡ ಮೀರಿದ್ದರಿಂದ ಹೊಸ ರಸ್ತೆಗಳಿಗೆ ಕೇಂದ್ರದ ಹಣ ನಿಂತಿತ್ತು. ಹೆದ್ದಾರಿಯ ಮೇಲೊಂದು ಸೇತುವೆಯಿಲ್ಲದೆ ಜಾಗಕ್ಕೆ ದಾರಿಯಿಲ್ಲ. ನಗರದೊಳಗೇ ಮನೆ, ಕಚೇರಿ ಬಂದರೆ ಕಾರಿನ ಓಡಾಟ ಕಡಿಮೆಯಾಗುತ್ತದೆ ಎಂದು ಒಪ್ಪಿ, ಇಡೀ ಯೋಜನೆಯನ್ನೇ ವಾಯುಮಾಲಿನ್ಯ ತಗ್ಗಿಸುವ ಕ್ರಮವೆಂದು ಇಪಿಎ ಪರಿಗಣಿಸಿತು. ಸೇತುವೆ ಬಂತು, 2005ರಲ್ಲಿ ಆ ಜಾಗದಲ್ಲಿ ಅಟ್ಲಾಂಟಿಕ್ ಸ್ಟೇಷನ್ ಎಂಬ ಹೊಸ ಬಡಾವಣೆ ತೆರೆಯಿತು.

ಕೊಂಡವನ ಕೆಲಸ ಕ್ರಯಪತ್ರಕ್ಕೆ ಮುಗಿಯುವುದಿಲ್ಲ. ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ನಲ್ಲಿ ಹಳೆಯ ಗೊಬ್ಬರದ ಕಾರ್ಖಾನೆ ಕೊಂಡವರು ತಪಾಸಣೆ ಮಾಡಿಸಿದ್ದರು. ಆದರೆ ಮೇಲಿನ ಕಟ್ಟಡ ಕೆಡವಿದ ಮೇಲೆ ನೆಲದೊಳಗಿನ ತೊಟ್ಟಿಗಳನ್ನು ಶುಚಿಮಾಡಿ ಮುಚ್ಚಲಿಲ್ಲ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ರಕ್ಷಣೆ ಇಲ್ಲವೆಂದಿತು. ಅಂತರ್ಜಲವೂ ಹಾಗೆಯೇ ಕೈಕೊಡುತ್ತದೆ: ವರ್ಷಗಟ್ಟಲೆ ನೀರೆತ್ತಿ ಶುದ್ಧ ಮಾಡಿ ಪಂಪು ನಿಲ್ಲಿಸಿದರೆ, ಜೇಡಿಯೊಳಗೆ ಇಂಗಿದ್ದ ದ್ರಾವಕ ನಿಧಾನ ಹೊರಬಂದು ಅಂಕಿಗಳು ಮತ್ತೆ ಏರುತ್ತವೆ. ಹೊಸ ಸಂಕೀರ್ಣಗಳ ಪಾರ್ಕಿಂಗ್ ಜಾಗದಲ್ಲಿ ಬೋಲ್ಟ್ ಬಿಗಿದ ಸಣ್ಣ ಗುಂಡು ಮುಚ್ಚಳಗಳು ಉಳಿದಿರುವುದು ಇದಕ್ಕೇ. ಅವುಗಳ ಕೆಳಗೆ ಇಂದಿಗೂ ನೀರಿನ ಮಾದರಿ ತೆಗೆಯುವ ಬಾವಿಗಳಿವೆ.