ಹಶ್: ನೀರು ಬಿಟ್ಟು ಬೆಟ್ಟ ಕೊರೆದವರ ಪದ

ಇಂಗ್ಲಿಷ್‌ನಲ್ಲಿ 'ಹಶ್' ಅಂದರೆ ಸುಮ್ಮನಿರು ಅಂತ ಅರ್ಥ. ಅಳುವ ಮಗುವನ್ನು ಸಮಾಧಾನ ಮಾಡುವಾಗ ಬರುವ ಮಾತು. ಆದರೆ ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನಲ್ಲಿ ಇದೇ ಉಚ್ಚಾರದ ಇನ್ನೊಂದು ಪದ ಇದೆ. ಅದು ಸದ್ದಡಗಿಸುವ ಪದವಲ್ಲ, ಸದ್ದಿನ ಪದ. ಬೆಟ್ಟದ ಮೇಲೆ ಒಡ್ಡು ಕಟ್ಟಿ ನಿಲ್ಲಿಸಿದ ನೀರನ್ನು ಒಮ್ಮೆಲೇ ಬಿಟ್ಟು, ಕೆಳಗಿನ ಮಣ್ಣನ್ನು ಕೊಚ್ಚಿಸಿ ಹಾಕುವುದಕ್ಕೆ ಅಲ್ಲಿನ ಸೀಸದ ಗಣಿಯವರು 'ಹಶ್ ಮಾಡುವುದು' ಎನ್ನುತ್ತಿದ್ದರು. ಹಾಗೆ ಕೊಚ್ಚಿಹೋದ ಜಾಗದಲ್ಲಿ ಉಳಿದ ದೊಡ್ಡ ಕೊರಕಲಿಗೂ ಹಶ್ ಅಂತಲೇ ಹೆಸರು.

ನೀರು ನುಗ್ಗುವ ಸದ್ದಿನಿಂದಲೇ ಈ ಪದ ಹುಟ್ಟಿತು ಅಂತ ನಿಘಂಟುಗಳು ಹೇಳುತ್ತವೆ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ದೇವಲ್ಲ, ಜುಳುಜುಳು, ಸರಸರ, ಧಗಧಗ, ಅದೇ ಜಾತಿಯದು. ನಮ್ಮ 'ಭೋರ್' ನೀರಿನ ಜೊತೆಯಲ್ಲೇ ಉಳಿದುಕೊಂಡಿತು. ಅವರ 'ಹಶ್' ಒಂದು ಕೆಲಸದ ಹೆಸರಾಯಿತು, ಆಮೇಲೆ ಒಂದು ಜಾಗದ ಹೆಸರಾಯಿತು, ಕೊನೆಗೆ ನಕಾಶೆಯಲ್ಲೂ ಅಚ್ಚಾಯಿತು. ಒಂದು ಸದ್ದು ಇಷ್ಟು ದೂರ ನಡೆದು ಬಂದಿದೆ ಅನ್ನುವುದೇ ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಲು ಕಾರಣ.

ಪದ ಅರ್ಥವಾಗಬೇಕಾದರೆ ಮೊದಲು ಆ ನೆಲ ಗೊತ್ತಾಗಬೇಕು. ಅದನ್ನು 'ಮೂರ್' ಎನ್ನುತ್ತಾರೆ. ಎತ್ತರದ, ಮರವೇ ಇಲ್ಲದ, ಗಾಳಿಗೆ ಬಿದ್ದ ಬಯಲು. ಬೆಳೆ ಬೆಳೆಯುವಂಥ ಮಣ್ಣಲ್ಲ, ಹುಳಿ ಮಣ್ಣು. ಮೇಲೆ ಹೆದರ್ ಎಂಬ ಮೋಟು ಪೊದೆ, ಆಗಸ್ಟ್‌ನಲ್ಲಿ ಅದು ಹೂ ಬಿಟ್ಟಾಗ ಇಡೀ ಬೆಟ್ಟವೇ ನೇರಳೆ. ಕೆಳಗೆ ಪೀಟ್. ಪಾಚಿ ಮತ್ತು ಹುಲ್ಲು ನೀರಿನಲ್ಲಿ ನೆನೆದು, ಪೂರ್ತಿ ಕೊಳೆಯದೆ, ಪದರ ಪದರವಾಗಿ ಕೂತ ಕಪ್ಪು ಮಣ್ಣು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಒಂದು ಮೀಟರ್ ಪೀಟ್ ಅಗೆದರೆ ಸುಮಾರು ಸಾವಿರ ವರ್ಷ ಅಗೆದ ಹಾಗೆ. ಈ ಹೊದಿಕೆಯ ಕೆಳಗೆ ಸುಣ್ಣಕಲ್ಲು, ಮರಳುಗಲ್ಲು. ಆ ಕಲ್ಲಿನ ಬಿರುಕುಗಳಲ್ಲಿ ಸೀಸ.

ಸೀಸ ಅಲ್ಲಿ ಒಂಟಿಯಾಗಿ ಸಿಗುವುದಿಲ್ಲ. ಗಂಧಕದ ಜೊತೆ ಸೇರಿ ಗೆಲೀನಾ ಎಂಬ ಅದಿರಾಗಿರುತ್ತದೆ. ಬೆಳ್ಳಿಯ ಹಾಗೆ ಹೊಳೆಯುವ, ಚೌಕ ಚೌಕವಾಗಿ ಒಡೆಯುವ ಕಲ್ಲು. ಅದರ ತೂಕದಲ್ಲಿ 86%ಕ್ಕಿಂತ ಜಾಸ್ತಿ ಸೀಸವೇ. ಬಹಳ ಹಿಂದೆ ಭೂಮಿಯ ಆಳದಿಂದ ಬಿಸಿ ಉಪ್ಪುನೀರು ಬಿರುಕುಗಳಲ್ಲಿ ಏರಿ ಬಂದು, ಬರುಬರುತ್ತಾ ತಣ್ಣಗಾಗಿ, ತಾನು ಹೊತ್ತು ತಂದಿದ್ದನ್ನು ಅಲ್ಲೇ ಬಿಟ್ಟು ಹೋಯಿತು. ಹಾಗಾಗಿ ಅದಿರು ಹಾಸಿಗೆಯ ಹಾಗೆ ಮಲಗಿರುವುದಿಲ್ಲ. ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಒಂದು ತೆಳ್ಳಗಿನ ಗೆರೆ ಅಷ್ಟೇ, ಅದೂ ಪೀಟ್ ಮತ್ತು ಮಣ್ಣಿನ ಕೆಳಗೆ ಮುಚ್ಚಿಹೋದ ಗೆರೆ. ಅಷ್ಟು ದೊಡ್ಡ ಬಯಲಿನಲ್ಲಿ ಅದನ್ನು ಹುಡುಕುವುದು ಹೇಗೆ?

ಗುದ್ದಲಿ ಹಿಡಿದು ಅಗೆಯಬಹುದು. ಎಷ್ಟು ದಿನ ಅಗೆಯುತ್ತೀರಿ? ಅಲ್ಲಿಯವರು ನೀರನ್ನೇ ಕೆಲಸಕ್ಕೆ ಹಚ್ಚಿದರು.

ಮಾಡುತ್ತಿದ್ದುದು ಹೀಗೆ. ಬೆಟ್ಟದ ಇಳಿಜಾರಿನ ನೆತ್ತಿಯ ಹತ್ತಿರ ಹುಲ್ಲಿನ ಸಮೇತ ಕೊಯ್ದ ಮಣ್ಣಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಡ್ಡು ಕಟ್ಟುವುದು. ಮೂರ್‌ನ ಮೇಲೆ ಹರಿಯುವ ಸಣ್ಣ ತೊರೆಗಳನ್ನು ಕಾಲುವೆ ತೋಡಿ ಆ ಒಡ್ಡಿನ ಹಿಂದಕ್ಕೆ ತಿರುಗಿಸುವುದು. ಆ ಸೀಮೆಯಲ್ಲಿ ಮಳೆಗೆ ಬರವಿಲ್ಲ, ನೀರು ತುಂಬುತ್ತದೆ. ತುಂಬಿದ ಮೇಲೆ ಒಡ್ಡನ್ನು ಒಡೆಯುವುದು. ತೂಬು ಎತ್ತಿ ಗದ್ದೆಗೆ ನೀರು ಬಿಟ್ಟ ಹಾಗಲ್ಲ, ಕೆರೆ ಏರಿ ಒಡೆದ ಹಾಗೆ. ನೀರು ಒಂದೇ ಏಟಿಗೆ ಇಳಿಜಾರಿನಲ್ಲಿ ಧುಮ್ಮಿಕ್ಕಿ, ಪೀಟ್, ಮಣ್ಣು, ಸಡಿಲ ಕಲ್ಲು ಎಲ್ಲವನ್ನೂ ಕಿತ್ತುಕೊಂಡು ಕೆಳಗಿನ ಹಳ್ಳಕ್ಕೆ ಸುರಿಯುತ್ತದೆ. ಬೆತ್ತಲಾದ ಬಂಡೆಯಲ್ಲಿ ಅದಿರಿನ ಗೆರೆ ಎದ್ದು ಕಾಣುತ್ತದೆ. ಆಗ ಜನ ಪಿಕಾಸಿ, ಹಾರೆ ಹಿಡಿದು ಇಳಿಯುತ್ತಾರೆ. ಸಿಕ್ಕಿದ್ದನ್ನು ತೆಗೆದುಕೊಂಡು, ಒಡ್ಡನ್ನು ಮತ್ತೆ ಕಟ್ಟುತ್ತಾರೆ. ಮತ್ತೆ ನೀರು, ಮತ್ತೆ ಹಶ್.

ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ಗೆಲೀನಾ ನೀರಿಗಿಂತ ಸುಮಾರು ಏಳೂವರೆ ಪಟ್ಟು ಭಾರ. ಸಾಮಾನ್ಯ ಕಲ್ಲು ಅದರ ಅರ್ಧದಷ್ಟೂ ಇಲ್ಲ. ಅಕ್ಕಿ ಜಾಲಿಸುವಾಗ ಏನಾಗುತ್ತದೆ? ಅಕ್ಕಿ ನೀರಿನ ಜೊತೆ ಮುಂದೆ ಹೋಗುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಹಶ್‌ನಲ್ಲೂ ಅದೇ. ಹಗುರ ಕಲ್ಲು ಕೊಚ್ಚಿಹೋಗಿ, ಭಾರದ ಅದಿರು ಹಿಂದೆ ಉಳಿಯುತ್ತಿತ್ತು. ಹುಡುಕುವ ಕೆಲಸ, ತೊಳೆಯುವ ಕೆಲಸ ಎರಡೂ ಒಂದೇ ನೀರಿನಲ್ಲಿ ಆಗುತ್ತಿತ್ತು.

ಉಪಾಯ ಹೊಸದೇನಲ್ಲ. ಸ್ಪೇನಿನಲ್ಲಿ ರೋಮನ್ನರು ಚಿನ್ನಕ್ಕಾಗಿ ಹೀಗೆ ನೀರು ಬಿಟ್ಟು ಬೆಟ್ಟ ಕೆಡವುತ್ತಿದ್ದುದನ್ನು ಒಂದನೇ ಶತಮಾನದಲ್ಲೇ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ರೋಮನ್ನರು ಪೆನೈನ್‌ನ ಸೀಸವನ್ನೂ ಬಿಟ್ಟಿರಲಿಲ್ಲ. ಯಾರ್ಕ್‌ಶೈರ್‌ನ ಗ್ರೀನ್‌ಹೌ ಹತ್ತಿರ 1735ರಲ್ಲಿ ಸಿಕ್ಕ ಎರಡು ಸೀಸದ ಗಟ್ಟಿಗಳ ಮೇಲೆ ಚಕ್ರವರ್ತಿ ಡೊಮಿಷಿಯನ್‌ನ ಹೆಸರಿದೆ, ಕಾಲ ಕ್ರಿ.ಶ. 81. ಅವರ ಲ್ಯಾಟಿನ್‌ನಲ್ಲಿ ಸೀಸಕ್ಕೆ 'ಪ್ಲಂಬಮ್'. ನಮ್ಮ ಮನೆಯ ನಲ್ಲಿ ಸೋರಿದಾಗ ಕರೆಸುವ ಪ್ಲಂಬರ್ ಹೆಸರಿನಲ್ಲಿ ಇರುವುದೂ ಅದೇ ಸೀಸ. ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದ ಕಾಲದ ನೆನಪು ಅದು.

ಹಶ್‌ಗಳನ್ನು ಕಣ್ಣಾರೆ ನೋಡಬೇಕೆಂದರೆ ಸ್ವೇಲ್‌ಡೇಲ್ ಕಣಿವೆಯ ಗನ್ನರ್‌ಸೈಡ್ ಗಿಲ್‌ಗೆ ಹೋಗಬೇಕು. 'ಗಿಲ್' ಅಂದರೆ ಕಡಿದಾದ ಹಳ್ಳದ ಕಣಿವೆ. ಊರು ದಾಟಿ ಹಳ್ಳದ ಪಕ್ಕ ಮೇಲಕ್ಕೆ ನಡೆದರೆ ಮೊದಲು ಹಸಿರು, ಮರ, ಕುರಿ. ಆಮೇಲೆ ಬೆಟ್ಟದ ಮೈ ಸೀಳಿಹೋದ ಹಾಗೆ ಬೂದು ಬಣ್ಣದ ಕೊರಕಲುಗಳು ಒಂದರ ಹಿಂದೊಂದು ಕಾಣುತ್ತವೆ. ಬಂಟನ್ ಹಶ್, ಫ್ರೈಯರ್‌ಫೋಲ್ಡ್ ಹಶ್, ಗಾರ್ಟನ್ ಹಶ್. ಎದುರು ದಂಡೆಯಲ್ಲಿ ನಾರ್ತ್ ಹಶ್. ಹಳ್ಳದ ಈಚೆ ಒಂದು, ಆಚೆ ಒಂದು ಎದುರುಬದುರು ಇರುವುದು ಆಕಸ್ಮಿಕವಲ್ಲ. ಅದಿರಿನ ಎಳೆ ಕಣಿವೆಯನ್ನು ಅಡ್ಡಲಾಗಿ ದಾಟಿ ಹೋಗಿದೆ, ಜನ ಅದರ ಬೆನ್ನು ಹತ್ತಿ ಎರಡೂ ಕಡೆ ಕೊರೆದಿದ್ದಾರೆ. ಇನ್ನೂ ಉತ್ತರಕ್ಕೆ, ಟೀಸ್‌ಡೇಲ್‌ನಲ್ಲಿರುವ ಕೋಲ್ಡ್‌ಬೆರ್ರಿ ಗಟರ್ ಅಂತೂ ಬೆಟ್ಟದ ನೆತ್ತಿಗೇ ಕೊಡಲಿಯ ಕಚ್ಚು ಬಿದ್ದ ಹಾಗೆ ದೂರದಿಂದಲೇ ಕಾಣುತ್ತದೆ.

ಇಷ್ಟು ಆಳವನ್ನು ನೀರೊಂದೇ ಕೊರೆಯಿತೇ? ಹಿಂದೆ ಹಾಗೆಯೇ ನಂಬಿದ್ದರು. ಈಗ ಹಳೆಯ ಗಣಿಗಳನ್ನು ಓದುವವರು ಬೇರೆ ಮಾತು ಹೇಳುತ್ತಾರೆ. ದೊಡ್ಡ ಹಶ್‌ಗಳಲ್ಲಿ ಎಷ್ಟೋ ಭಾಗ ಕೈಯಿಂದ ಕಡಿದ ತೆರೆದ ಗಣಿ, ಕಡಿದ ಕಲ್ಲುಪುಡಿಯನ್ನು ಆಚೆ ಸಾಗಿಸಲು ನೀರು ಬಿಟ್ಟಿದ್ದಾರೆ ಅಂತ. ನನಗೂ ಇದೇ ಸರಿ ಅನ್ನಿಸುತ್ತದೆ. ನೀರು ಮಣ್ಣನ್ನು ಒಯ್ಯುತ್ತದೆ, ಆದರೆ ಗಟ್ಟಿ ಸುಣ್ಣಕಲ್ಲನ್ನು ಒಡೆಯಲು ಮನುಷ್ಯನ ರಟ್ಟೆಯೇ ಬೇಕು. ಹಶ್ ಎಂಬ ಒಂದು ಪದದಲ್ಲಿ ನೀರಿನ ಹೆಸರು ಮಾತ್ರ ಉಳಿಯಿತು, ರಟ್ಟೆಯ ಹೆಸರು ಉಳಿಯಲಿಲ್ಲ.

ರಟ್ಟೆಯವರಿಗೆ ಬೇರೆಯೇ ಒಂದು ಹೆಸರಿದೆ, ಅದನ್ನೂ ಹೇಳಿಬಿಡುತ್ತೇನೆ. ಗಣಿ ತೋಡುತ್ತಾ ಹೋದಾಗ ಯಾವುದೋ ಕಾಲದವರು ತೋಡಿ ಬಿಟ್ಟ ಪೊಳ್ಳು ಸಿಕ್ಕರೆ, ಗಣಿಯವರು 'ಟೌಡ್ ಮ್ಯಾನ್' ಸಿಕ್ಕ ಎನ್ನುತ್ತಿದ್ದರು. ಅಲ್ಲಿನ ಆಡುಮಾತಿನಲ್ಲಿ 'ಆ ಮುದುಕ' ಎಂದರ್ಥ. ತಮಗಿಂತ ಮೊದಲು ದುಡಿದು ಹೋದವರೂ ಮುದುಕನೇ, ಅವರು ಬಿಟ್ಟುಹೋದ ಗವಿಯೂ ಮುದುಕನೇ. ಹಿರಿಯರನ್ನೂ ಅವರು ಮಾಡಿದ ಕೆಲಸವನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ಎಷ್ಟು ಚೆಂದ ಅಲ್ವಾ?

ಹಶ್ ಮಾಡುವುದು 17 ಮತ್ತು 18ನೇ ಶತಮಾನಗಳಲ್ಲಿ ತುಂಬಾ ನಡೆಯಿತು. ಅದರ ಜೊತೆಗೆ ಮೂರ್ ಮೇಲೆ ಬೇರೆ ಗುರುತುಗಳೂ ಇವೆ. ಸಾಲಾಗಿ ಕೂತ ಗುಂಡಿಗಳು, ಪ್ರತಿ ಗುಂಡಿಯ ಸುತ್ತ ಬಳೆಯ ಹಾಗೆ ಮಣ್ಣಿನ ದಿಬ್ಬ. ಅಗೆದು ತಂದ ಅದಿರುಕಲ್ಲನ್ನು ರಾಶಿ ಹಾಕಲು ಕಟ್ಟಿದ ಕಲ್ಲಿನ ಕೋಣೆಗಳು. ಓಲ್ಡ್ ಗ್ಯಾಂಗ್ ಎಂಬಲ್ಲಿ, ಕುಲುಮೆಗೆ ಬೇಕಾದ ಪೀಟ್ ಒಣಗಿಸಿ ಇಡುತ್ತಿದ್ದ ಉಗ್ರಾಣದ ಕಲ್ಲುಕಂಬಗಳು ಇನ್ನೂ ಸಾಲಾಗಿ ನಿಂತಿವೆ. ಸುಮಾರು 120 ಮೀಟರ್ ಉದ್ದದ ಕಟ್ಟಡ ಅದು. ಮೇಲೆ ಹೆದರ್ ಗಿಡದ್ದೇ ಹೊದಿಕೆ ಇತ್ತಂತೆ. ಆ ಮೂರ್ ಸೀಸವನ್ನು ಕೊಟ್ಟಿತು, ಅದನ್ನು ಕರಗಿಸುವ ಉರುವಲನ್ನು ಕೊಟ್ಟಿತು, ಉರುವಲಿನ ಮನೆಗೆ ಸೂರನ್ನೂ ಕೊಟ್ಟಿತು.

ವಾರ್ಫ್‌ಡೇಲ್‌ನ ಗ್ರಾಸಿಂಗ್ಟನ್ ಮೂರ್‌ನಲ್ಲಿ ನೋಡಬೇಕಾದ್ದು ಹೊಗೆಯ ದಾರಿ. ಕುಲುಮೆಯಿಂದ ಹೊರಟ ಕಲ್ಲಿನ ಸುರಂಗಗಳು ನೆಲಕ್ಕೆ ಅಂಟಿಕೊಂಡೇ ಬೆಟ್ಟ ಹತ್ತಿ ಚಿಮಣಿ ಸೇರುತ್ತವೆ. ಹೊಗೆಯಲ್ಲಿ ಹಾರಿಹೋಗುವ ಸೀಸ ದಾರಿಯಲ್ಲೇ ತಣ್ಣಗಾಗಿ ಗೋಡೆಗೆ ಅಂಟುತ್ತಿತ್ತು. ಒಳಗೆ ನುಸುಳಿ ಅದನ್ನು ಕೆರೆದು ತೆಗೆಯಬೇಕಿತ್ತು. ಎಂಥ ವಿಷದ ಕೆಲಸ ಅಂತ ಯೋಚಿಸಿ. ಆ ಗಣಿಗಳ ಒಡೆಯ ಡೆವನ್‌ಶೈರ್ ಡ್ಯೂಕ್. 19ನೇ ಶತಮಾನದ ಮೊದಲ ಭಾಗದಲ್ಲಿ ಆತನ ಪರವಾಗಿ ಅಲ್ಲಿನ ಕೆಲಸ ಸುಧಾರಿಸಿದ ಎಂಜಿನಿಯರ್ ಜಾನ್ ಟೇಲರ್. ಈ ಹೆಸರು ಕೋಲಾರದ ಕಡೆಯವರಿಗೆ ಎಲ್ಲೋ ಕೇಳಿದ ಹಾಗಿರುತ್ತದೆ. ಹೌದು, ಆತನ ಮನೆತನದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯೇ 1880ರಿಂದ ಕೆಜಿಎಫ್ ಗಣಿಗಳನ್ನು ನಡೆಸಿತು. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಳ್ಳುವವರೆಗೂ ಅವರದೇ ಕಾರುಬಾರು. ಕೋಲಾರದಲ್ಲೂ ಕಂಪನಿಗಳು ಬರುವ ಎಷ್ಟೋ ಮೊದಲೇ ನಮ್ಮ ಹಳೆಯವರು ಚಿನ್ನಕ್ಕಾಗಿ ಗುಂಡಿ ತೋಡಿದ್ದರು. ಆ ಗುಂಡಿಗಳ ಜಾಡು ಹಿಡಿದೇ ಹೊಸಬರು ಕೆಳಗಿಳಿದರು. ಅಲ್ಲೂ 'ಮುದುಕ'ನೇ ದಾರಿ ತೋರಿಸಿದ್ದು.

1870 ಮತ್ತು 80ರ ದಶಕಗಳಲ್ಲಿ ಸ್ಪೇನಿನಿಂದ ಅಗ್ಗದ ಸೀಸ ಬಂದು ಬೆಲೆ ಕುಸಿಯಿತು. ಪೆನೈನ್‌ನ ಗಣಿಗಳು ಒಂದೊಂದಾಗಿ ಮುಚ್ಚಿದವು. ಸ್ವೇಲ್‌ಡೇಲ್‌ನ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಡರ್ಹಮ್‌ನ ಕಲ್ಲಿದ್ದಲು ಗಣಿಗೆ, ಲ್ಯಾಂಕಾಶೈರ್‌ನ ಹತ್ತಿ ಗಿರಣಿಗೆ ಹೊರಟವು. ಕೆಲವರು ಅಮೆರಿಕಕ್ಕೇ ಹೋದರು.

ಅವರು ಹೋದರು, ಸೀಸ ಹೋಗಲಿಲ್ಲ. ಹಶ್‌ನಿಂದ, ತೊಳೆಯುವ ಕಟ್ಟೆಗಳಿಂದ ಹಳ್ಳಕ್ಕೆ ಬಿದ್ದ ಪುಡಿ ಸ್ವೇಲ್ ನದಿಯ ದಂಡೆಯ ಮಣ್ಣಿನಲ್ಲಿ ಇಂದಿಗೂ ಇದೆ. ಸೀಸದ ಮಣ್ಣು ಮೆತ್ತಿದ ಹುಲ್ಲು ತಿಂದು ದನ ಕುರಿಗಳಿಗೆ ಬರುವ ಕಾಯಿಲೆಗೆ ಡರ್ಬಿಶೈರ್‌ನಲ್ಲಿ 'ಬೆಲಂಡ್' ಅಂತ ಒಂದು ಪದವೇ ಇತ್ತು. ಕಲ್ಲುಪುಡಿಯ ಹಳೆಯ ರಾಶಿಗಳ ಮೇಲೆ ನೂರಾರು ವರ್ಷವಾದರೂ ಸಾಮಾನ್ಯ ಹುಲ್ಲು ಹತ್ತುವುದಿಲ್ಲ. ಆದರೆ ಆ ಬೋಳು ನೆಲದಲ್ಲಿ ಸ್ಪ್ರಿಂಗ್ ಸ್ಯಾಂಡ್‌ವರ್ಟ್ ಎಂಬ ಸಣ್ಣ ಬಿಳಿ ಹೂವಿನ ಗಿಡ ಗುಂಪುಗುಂಪಾಗಿ ಬೆಳೆಯುತ್ತದೆ. ಸೀಸವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿದೆ. ಅದಕ್ಕೆ ಅಲ್ಲಿಯವರು ಇಟ್ಟ ಇನ್ನೊಂದು ಹೆಸರು 'ಲೆಡ್‌ವರ್ಟ್', ಸೀಸದ ಗಿಡ.

ಬೆಟ್ಟದಲ್ಲಿ ಕಾಣುವ ಕೊರಕಲೆಲ್ಲ ಹಶ್ ಅಲ್ಲ. ಮಳೆ ಕೊರೆದ ಕೊರಕಲಿನ ತಳದಲ್ಲಿ ಸಾಮಾನ್ಯವಾಗಿ ತೊರೆ ಇರುತ್ತದೆ, ಅದು ಅಂಕುಡೊಂಕಾಗಿ ಹರಿಯುತ್ತದೆ. ಹಶ್ ಅದಿರಿನ ಎಳೆ ಹಿಡಿದು ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಅಷ್ಟು ದೊಡ್ಡ ಸೀಳಿಗೆ ತಕ್ಕಷ್ಟು ನೀರು ಒಳಗೆ ಇರುವುದೇ ಇಲ್ಲ. ಮೇಲ್ತುದಿಗೆ ಹತ್ತಿ ಹುಡುಕಿದರೆ ಹುಲ್ಲು ಮುಚ್ಚಿದ ಒಡ್ಡಿನ ಗುರುತು, ಅದಕ್ಕೆ ನೀರು ತಂದ ಸಣ್ಣ ಕಾಲುವೆಯ ಗೆರೆ ಸಿಗಬಹುದು. ಕೆಳತುದಿಯಲ್ಲಿ ಬೀಸಣಿಗೆಯ ಹಾಗೆ ಹರಡಿದ ಕಲ್ಲಿನ ರಾಶಿ.

ಕನ್ನಡದಲ್ಲಿ ಇದನ್ನು ಏನಂತ ಬರೆಯಬೇಕು? 'ಕೊರಕಲು' ಎಂದರೆ ಆಕಾರ ಸರಿ, ಆದರೆ ಮಳೆ ತಾನಾಗಿ ಮಾಡಿದ್ದು ಅನ್ನಿಸಿಬಿಡುತ್ತದೆ. 'ಗಣಿ' ಎಂದರೆ ನೀರು ಕಳೆದುಹೋಗುತ್ತದೆ. ಕೆಲಸವನ್ನು ಹೇಳುವಾಗ 'ನೀರು ಬಿಟ್ಟು ಕೊಚ್ಚಿಸುವುದು' ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಜಾಗವನ್ನು ಹೇಳುವಾಗ ಮಾತ್ರ 'ಹಶ್' ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು. ಶ ಕಾರಕ್ಕೆ ಉಸಿರು ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟು ಹೇಳಿನೋಡಿ, ಒಡ್ಡು ಒಡೆದ ನೀರು ಕೇಳಿಸುತ್ತದೆ.